ಸನ್ನಿ: ಒಂದು ಮಾತು, ಒಂದು ಅಪರೂಪದ ಬೇನೆ ಮತ್ತು ಠಾಣೆ–ಕಲ್ಯಾಣ ಸೀಮೆಯ ಕನ್ನಡಿಗರು

ಜ್ವರವೇರಿದ ರೋಗಿ ಅರ್ಥವಿಲ್ಲದೆ ಬಡಬಡಿಸತೊಡಗಿದರೆ, ಹತ್ತಿರದವರ ಗುರುತು ತಪ್ಪಿದರೆ, ಕಣ್ಣು ತೆರೆದಿದ್ದೂ ಕಾಣದವನಂತೆ ಮಲಗಿದ್ದರೆ, ‘ಸನ್ನಿ ಹಿಡಿದಿದೆ’ ಎನ್ನುವುದು ಕನ್ನಡದ ಮನೆಗಳಲ್ಲಿ ವಾಡಿಕೆ. ಸಂಸ್ಕೃತದ ‘ಸನ್ನಿಪಾತ’ ಶಬ್ದವೇ ಮೊಟಕಾಗಿ ಹೀಗೆ ಉಳಿದಿದೆ. ಸನ್ನಿಪಾತವೆಂದರೆ ಒಂದೆಡೆ ಕೂಡಿ ಬೀಳುವುದು. ವಾತ ಪಿತ್ತ ಕಫಗಳೆಂಬ ಮೂರು ದೋಷಗಳೂ ಏಕಕಾಲಕ್ಕೆ ಕೆರಳಿದ ಸ್ಥಿತಿ. ಶಾಸ್ತ್ರದ ಈ ಪದ ಜನರ ನಾಲಗೆಗೆ ಇಳಿದಾಗ ದೋಷಗಳ ಲೆಕ್ಕಾಚಾರ ಕಳಚಿಹೋಗಿ, ಜ್ವರ ತಲೆಗೇರಿತು ಎಂಬ ಒಂದೇ ಅರ್ಥ ನಿಂತಿತು. ತಮಿಳಿನ ‘ಜನ್ನಿ’ಯೂ ಇದೇ ಮಾತು. ಸಿಂಹಳದಲ್ಲಿ ಅದು ‘ಸನ್ನಿ’ಯಾಗಿಯೇ ಇದೆ; ಶ್ರೀಲಂಕೆಯ ದಕ್ಷಿಣ ಭಾಗದಲ್ಲಿ ಹದಿನೆಂಟು ಸನ್ನಿಗಳ ಮುಖವಾಡ ತೊಟ್ಟು ಕುಣಿಯುವ ‘ಸನ್ನಿ ಯಕುಮ’ ಎಂಬ ಶಾಂತಿಕರ್ಮವೇ ಇದೆ. ಒಂದು ವೈದ್ಯಕ ಪರಿಭಾಷೆ ಇಷ್ಟು ದೂರ ಸಂಚರಿಸಿ, ಕೊನೆಗೆ ಭೂತವೂ ಆಗಿ ನಿಂತ ನಿದರ್ಶನಗಳು ಹೆಚ್ಚಿಲ್ಲ.

ಈ ಮಾತು ಮುಚ್ಚಿಟ್ಟಿರುವ ಬೇನೆಗಳು ಹಲವು. ವಿಷಮಶೀತ ಜ್ವರ, ಮಲೇರಿಯಾ, ಪ್ಲೇಗು, ಮಿದುಳ ಪೊರೆಗಳ ಉರಿಯೂತ, ಎಲ್ಲವೂ ಅದರ ಹೊದಿಕೆಯಡಿ ಬಂದಿವೆ. ಅವುಗಳಲ್ಲಿ ಅತ್ಯಂತ ವಿರಳವಾದ ಒಂದನ್ನು, ಎಂದರೆ ವಯಸ್ಕರ ಮಿದುಳಿನ ಕುಹರಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಉಂಟಾಗುವ ಸೋಂಕನ್ನು ಹಿಡಿದುಕೊಂಡು, ಅದು ನಮ್ಮ ಗ್ರಂಥಗಳಲ್ಲೂ ಸರ್ಕಾರಿ ದಾಖಲೆಗಳಲ್ಲೂ ಏಕೆ ಕಾಣಿಸಿಕೊಳ್ಳಲಿಲ್ಲವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ವಿಷಯದಲ್ಲೇನು ಅಧಿಕಾರವೆಂದು ಓದುಗರು ಕೇಳಬಹುದು. ಡೊಂಬಿವಲಿಯ ಒಂದು ಮನೆಯಲ್ಲಿ ‘ಸನ್ನಿ’ ಎಂಬ ಮಾತು ತಪ್ಪಾಗಿ ಭಾಷಾಂತರಗೊಂಡ ಪ್ರಸಂಗವೇ ಈ ಬರಹಕ್ಕೆ ಕಾರಣ. ಅದನ್ನು ಮುಂದೆ ನಿರೂಪಿಸುತ್ತೇವೆ.

ಮೊದಲು ಬೇನೆಯ ಸ್ವರೂಪ. ಮಿದುಳಿನ ಒಳಗೆ ಒಂದಕ್ಕೊಂದು ಕೂಡಿಕೊಂಡ ನಾಲ್ಕು ಟೊಳ್ಳುಗಳಿವೆ, ಇವೇ ಕುಹರಗಳು. ಇಲ್ಲಿ ಊರುವ ತಿಳಿಯಾದ ದ್ರವ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು ರಕ್ತಕ್ಕೆ ಮರಳುತ್ತದೆ. ವಯಸ್ಕರಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು 150 ಮಿಲಿಲೀಟರಿನಷ್ಟು ಇರುವ ಈ ದ್ರವ ದಿನವೊಂದಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಹೊಸದಾಗಿ ಉತ್ಪತ್ತಿಯಾಗುತ್ತದೆ. ಕುಹರಗಳ ಒಳಪದರಕ್ಕೆ ಸೋಂಕು ತಗುಲಿ ಅಲ್ಲಿ ಕೀವು ಸೇರಿಕೊಳ್ಳುವುದನ್ನು ವೈದ್ಯರು ವೆಂಟ್ರಿಕ್ಯುಲೈಟಿಸ್ ಎನ್ನುತ್ತಾರೆ. ಎಳೆಯ ಶಿಶುಗಳ ಮೆನಿಂಜೈಟಿಸ್‌ನಲ್ಲಿ ಇದು ಕಾಣುವುದುಂಟು. ವಯಸ್ಕರಲ್ಲಿ ಈಗ ಕಾಣುವುದು ಹೆಚ್ಚಾಗಿ ತಲೆಯ ಶಸ್ತ್ರಚಿಕಿತ್ಸೆಯ ತರುವಾಯ, ಅಥವಾ ದ್ರವವನ್ನು ಹೊರಕ್ಕೆ ಬಸಿಯಲು ಇಟ್ಟ ನಳಿಕೆಯ ಮೂಲಕ. ಶಸ್ತ್ರಚಿಕಿತ್ಸೆಯ ಹಿನ್ನೆಲೆಯೇ ಇಲ್ಲದ ವಯಸ್ಕನಲ್ಲಿ ಅದು ತಾನಾಗಿ ಬರುವುದು ವಿರಳ. ಹಾಗೆ ಬಂದಾಗ ಅದರ ಹಿಂದೆ ಹಳೆಯ ಕಿವಿಸೋರು, ಮಿದುಳಿನೊಳಗೆ ಬಲಿತು ಒಡೆದ ಕೀವುಗಡ್ಡೆ, ರಕ್ತದ ಮೂಲಕ ಹರಡಿದ ಸೋಂಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮುಂತಾದ ಕಾರಣಗಳಿರುತ್ತವೆ. ಕುತ್ತಿಗೆ ಸೆಟೆದುಕೊಳ್ಳುವ ಲಕ್ಷಣ, ಮೆನಿಂಜೈಟಿಸ್‌ನ ಪ್ರಸಿದ್ಧ ಗುರುತು, ಇಲ್ಲಿ ಇಲ್ಲದೆಯೂ ಇರಬಹುದು. ವೃದ್ಧರಲ್ಲಿ ಕೇವಲ ಜ್ವರ, ತಲೆನೋವು, ಮಂಕು, ಅಸಂಬದ್ಧ ಮಾತು. ಮನೆಯವರ ಕಣ್ಣಿಗೆ ಅದು ಸನ್ನಿ. ಬೇರೆಯವರ ಕಣ್ಣಿಗೆ ಮುಪ್ಪಿನ ಮರುಳು.

ಈಗ ಗ್ರಂಥಗಳ ಕಡೆಗೆ ಬರೋಣ. ಠಾಣೆ ಸೀಮೆಗೂ ಕರ್ನಾಟಕದ ವೈದ್ಯ ಪರಂಪರೆಗೂ ಒಂದು ಹಳೆಯ ನಂಟಿದೆ. ಉಗ್ರಾದಿತ್ಯನೆಂಬ ಜೈನ ಪಂಡಿತ ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದೊಡನೆ ಸಂಬಂಧವುಳ್ಳ ಗ್ರಂಥ. ಮಾಂಸಾಹಾರ ಔಷಧವಾಗಲಾರದೆಂದು ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವೂ ಅದರೊಳಗಿದೆ. 1940ರಲ್ಲಿ ಅದು ಸೊಲ್ಲಾಪುರದಿಂದ ಅಚ್ಚಾಗಿ ಬಂದಿತು. ಅದೇ ಅಮೋಘವರ್ಷನ ಅಧೀನದಲ್ಲಿ ಉತ್ತರ ಕೊಂಕಣವನ್ನು ಶಿಲಾಹಾರರು ಆಳುತ್ತಿದ್ದುದಕ್ಕೆ ಕಣ್ಹೇರಿ ಗುಹೆಗಳ ಶಾಸನಗಳು ಸಾಕ್ಷಿ. ಶಕ 799ರ, ಎಂದರೆ ಕ್ರಿ.ಶ. 877ರ ಶಾಸನ ಅಮೋಘವರ್ಷನನ್ನೂ ಅವನ ಮಾಂಡಲಿಕ ಇಮ್ಮಡಿ ಕಪರ್ದಿಯನ್ನೂ ಹೆಸರಿಸುತ್ತದೆ. ಮುಂದೆ ಸ್ಥಾನಕವೆಂಬ ಠಾಣೆ ಶಿಲಾಹಾರರ ಮುಖ್ಯ ನಗರವಾಯಿತು. ಅವರ ತಾಮ್ರಪಟಗಳ ಭಾಷೆ ಸಂಸ್ಕೃತವಾದರೂ ಬಿರುದುಗಳಲ್ಲಿ ಹಲವು ಅಚ್ಚಗನ್ನಡದವು. ಆದುದರಿಂದ ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ದ ವೈದ್ಯ ಮತ್ತು ಠಾಣೆ ಸೀಮೆಯ ರೋಗಿ ಒಬ್ಬನೇ ಚಕ್ರವರ್ತಿಯ ಪ್ರಜೆಗಳಾಗಿದ್ದರೆಂದು ಧಾರಾಳವಾಗಿ ಹೇಳಬಹುದು. ಹೊರನಾಡಿನ ಸಂಶೋಧಕರಿಗೆ ಒಂದು ಸೂಚನೆ: ಗ್ರಂಥದ ಹೆಸರಿನ ‘ಕಲ್ಯಾಣ’ ಆರೋಗ್ಯವಾಚಕ, ಚಾಳುಕ್ಯರ ರಾಜಧಾನಿಯಾದ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ನಾವು ಹೇಳುತ್ತಿರುವ ಕೊಂಕಣದ ಕಲ್ಯಾಣ ಈ ಎರಡರಿಂದಲೂ ಬೇರೆ. ಕಣ್ಹೇರಿಯ ಪ್ರಾಚೀನ ದಾನಶಾಸನಗಳಲ್ಲಿಯೂ ಗ್ರೀಕ್ ನಾವಿಕರ ‘ಪೆರಿಪ್ಲಸ್’ನಲ್ಲಿಯೂ ಹೆಸರಾದ ಬಂದರು ಅದು.

ಕನ್ನಡದಲ್ಲಿಯೇ ವೈದ್ಯವನ್ನು ಹೇಳುವ ಪರಿಪಾಠವೂ ಕಿರಿದಲ್ಲ. ಸು. 1025ರ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’, ಸು. 1150ರ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಸು. 1360ರ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಆಮೇಲೆ ಶ್ರೀಧರದೇವ, ಸಾಳ್ವ ಮೊದಲಾದವರ ಕೃತಿಗಳು. ಇವರ ಬೆನ್ನಿಗಿದ್ದುದು ಚರಕ, ಸುಶ್ರುತ, ವಾಗ್ಭಟರ ಶಾಸ್ತ್ರ. ಸುಶ್ರುತ ಶಿರೋರೋಗಗಳನ್ನು ಹನ್ನೊಂದು ಎಂದು ಎಣಿಸುತ್ತಾನೆ. ಕಿವಿಯ ರೋಗಗಳನ್ನು ಇಪ್ಪತ್ತೆಂಟೆಂದು. ಶಂಖಕವೆಂಬ ಶಿರೋರೋಗ ಮೂರು ರಾತ್ರಿಗಳಲ್ಲಿ ಪ್ರಾಣ ತೆಗೆಯುತ್ತದೆಂಬುದು ಪರಂಪರೆಯ ತಿಳಿವಳಿಕೆ. ಚರಕನಲ್ಲಿ ಸನ್ನಿಪಾತ ಜ್ವರದ ವರ್ಣನೆ ಇನ್ನೂ ವಿವರವಾಗಿದೆ. ಒಮ್ಮೆ ಚಳಿ ಒಮ್ಮೆ ಸೆಕೆ, ತಲೆ ಮತ್ತು ಕೀಲುಗಳ ನೋವು, ಕಿವಿಯಲ್ಲಿ ಮೊರೆತ, ತೂಕಡಿಕೆ, ಭ್ರಮೆ, ಪ್ರಲಾಪ, ತಲೆಯನ್ನು ಅತ್ತಿತ್ತ ಹೊರಳಿಸುವುದು. ಇಂಥ ಜ್ವರದ ಕೊನೆಯಲ್ಲಿ ಕಿವಿಯ ಬುಡದಲ್ಲಿ ದಾರುಣವಾದ ಬಾವು ಎದ್ದರೆ ಬದುಕುವವರು ಎಲ್ಲೋ ಒಬ್ಬಿಬ್ಬರೆಂದೂ ಅಲ್ಲಿ ಹೇಳಿದೆ.

ಈ ಕಡೆಯ ಮಾತನ್ನು ಓದಿದಾಗ, ಕಿವಿಯ ಹಿಂದಣ ಎಲುಬಿನಿಂದ ಮಿದುಳಿಗೆ ಸೋಂಕು ಹರಡುವುದನ್ನು ಪ್ರಾಚೀನರು ಕಂಡಿದ್ದರೆಂದು ಘೋಷಿಸುವ ಆಸೆ ಯಾರಿಗಾದರೂ ಆಗುತ್ತದೆ. ನಾವು ಆ ಆಸೆಗೆ ಎಡೆಗೊಡುವುದಿಲ್ಲ. ಕಿವಿಯ ಬುಡದ ಬಾವು ಜೊಲ್ಲುಗ್ರಂಥಿಯದೂ ಆಗಿರಬಹುದು; ದೀರ್ಘ ಜ್ವರದಲ್ಲಿ ಬಾಯಿ ಒಣಗಿ ಬಳಲಿದ ರೋಗಿಗೆ ಅದು ಬರುವುದು ಎರಡು ತಲೆಮಾರಿನ ಹಿಂದಿನ ವೈದ್ಯರಿಗೂ ಪರಿಚಿತವಾಗಿತ್ತು. ಅಲ್ಲದೆ ಶ್ಲೋಕದಲ್ಲಿ ಜ್ವರ ಮೊದಲು, ಬಾವು ಆಮೇಲೆ. ಕಿವಿಯ ಸೋಂಕು ಮಿದುಳಿಗೆ ಏರುವಾಗ ಕ್ರಮ ತಿರುವುಮುರುವು. ಪ್ರಾಚೀನ ಪದಕ್ಕೆ ಇಂದಿನ ರೋಗದ ಹೆಸರನ್ನು ಅಂಟಿಸುವವರು ಪದಕ್ಕೂ ರೋಗಕ್ಕೂ ಅನ್ಯಾಯ ಮಾಡುತ್ತಾರೆ. ವೈದ್ಯರು ಲಕ್ಷಣಗಳ ಕೂಟವನ್ನು ಬಲ್ಲವರಾಗಿದ್ದರು, ಅವು ಕೂಡಿದಾಗ ಮರಣ ಸಮೀಪಿಸಿತೆಂದು ಅರಿತಿದ್ದರು, ಜ್ವರದೊಡನೆ ಬರುವ ಪ್ರಲಾಪವನ್ನು ಉನ್ಮಾದದಿಂದ ಬೇರೆಯಾಗಿಯೇ ಇಟ್ಟಿದ್ದರು. ಇಷ್ಟನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು. ಈ ಕೊನೆಯ ವಿವೇಚನೆ ಅಲ್ಪವಾದುದಲ್ಲ.

ಮಿದುಳಿಗೆ ಮಸ್ತುಲುಂಗವೆಂಬ ಹೆಸರಿದ್ದರೂ ಅದರೊಳಗಿನ ಟೊಳ್ಳುಗಳ ಎಣಿಕೆ ನಮ್ಮ ಶಾಸ್ತ್ರಗಳ ಕಾಳಜಿಯಾಗಿರಲಿಲ್ಲ. ಪಶ್ಚಿಮದಲ್ಲಿ ಅದು ಆರಂಭದಿಂದಲೂ ಕುತೂಹಲದ ವಿಷಯ. ಗೇಲನ್ ಕುಹರಗಳನ್ನು ಪ್ರಾಣಿಗಳ ಮಿದುಳು ಕೊಯ್ದು ವರ್ಣಿಸಿದ. ನಾಲ್ಕನೆಯ ಶತಮಾನದ ನೆಮೆಸಿಯಸ್ ಮುಂದಣ ಕುಹರದಲ್ಲಿ ಕಲ್ಪನೆ, ನಡುವೆ ವಿವೇಕ, ಹಿಂದೆ ನೆನಪು ಎಂದು ಮನೆ ಹಂಚಿಕೊಟ್ಟ. ಚಾವುಂಡರಾಯನ ಸಮಕಾಲೀನನಾದ ಇಬ್ನ್ ಸೀನಾ ಅದನ್ನೇ ಬೆಳೆಸಿದ. ಹದಿನಾರನೆಯ ಶತಮಾನದ ಆದಿಯಲ್ಲಿ ಲಿಯೊನಾರ್ಡೊ ಎತ್ತಿನ ಮಿದುಳಿನ ಕುಹರಗಳಿಗೆ ಕರಗಿದ ಮೇಣ ತುಂಬಿ ಅಚ್ಚು ತೆಗೆದ. ಆದರೆ ಇಷ್ಟೆಲ್ಲ ತಿಳಿದವರಿಗೂ ಕುಹರದ ಬೇನೆ ಕಂಡದ್ದು ಶವವನ್ನು ಕೊಯ್ದಾಗ ಮಾತ್ರ. ಎಡಿನ್‌ಬರೋದ ರಾಬರ್ಟ್ ವ್ಹಿಟ್ ಮಿದುಳಿನ ಕುಹರಗಳಲ್ಲಿ ನೀರು ತುಂಬಿ ಸಾಯುವ ಮಕ್ಕಳ ಕಾಯಿಲೆಯನ್ನು ಹೀಗೆಯೇ ವಿವರಿಸಿದ್ದು. 1768ರಲ್ಲಿ ಪ್ರಕಟವಾದ ಆ ಬರಹದ ರೋಗಿಗಳಿಗೆ ಇದ್ದುದು ಬಹುಮಟ್ಟಿಗೆ ಕ್ಷಯದ ಮೆನಿಂಜೈಟಿಸ್ ಎಂದು ಇಂದು ತಿಳಿಯಲಾಗಿದೆ. ಬದುಕಿರುವವನ ಮಿದುಳ ದ್ರವವನ್ನು ಬೆನ್ನಿನ ಕೆಳಭಾಗದಿಂದ ಸೂಜಿಯಲ್ಲಿ ತೆಗೆಯುವ ವಿಧಾನವನ್ನು 1891ರಲ್ಲಿ ಕ್ವಿಂಕೆ ರೂಢಿಗೆ ತಂದ ಮೇಲಷ್ಟೇ ರೋಗಿ ಸಾಯುವ ಮೊದಲೇ ರೋಗದ ಹೆಸರು ತಿಳಿಯುವ ಸಾಧ್ಯತೆ ಉಂಟಾಯಿತು.

ಇದೇ ಕಾಲಕ್ಕೆ ಠಾಣೆ ಜಿಲ್ಲೆಯ ದಾಖಲೆಗಳು ಏನು ಹೇಳುತ್ತಿದ್ದವು? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬಂದಿತ್ತು. ಜೇಮ್ಸ್ ಕ್ಯಾಂಪ್‌ಬೆಲ್ಲನ ಸಂಪಾದಕತ್ವದ ಠಾಣಾ ಗೆಜೆಟಿಯರ್ 1882ರದು; ಮರುವರ್ಷದ್ದು ಕೆನರಾ ಜಿಲ್ಲೆಯದು. ಆ ಕಾಲದ ಮರಣಲೆಕ್ಕದ ಶೀರ್ಷಿಕೆಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಅಪಘಾತ, ಇತರೆ. ಬರೆಯುತ್ತಿದ್ದವನು ವೈದ್ಯನಲ್ಲ, ಗ್ರಾಮಾಧಿಕಾರಿ. ಸತ್ತವನ ಮೈ ಬಿಸಿಯಾಗಿತ್ತೆಂದರೆ ಸಾವು ‘ಜ್ವರ’ದ ಮನೆಗೆ ಸೇರುತ್ತಿತ್ತು, ಹೆಚ್ಚಿನ ಸಾವುಗಳು ಆ ಮನೆಯಲ್ಲೇ ಇವೆ. ಪಲ್ಲವಿಸಿದ ಒಂದು ಶಬ್ದ ಮನೆಯಲ್ಲಿ, ಬರಡಾದ ಒಂದು ಶಬ್ದ ಕಚೇರಿಯಲ್ಲಿ. ‘ಸನ್ನಿ’ಗೆ ಕನಿಷ್ಠ ತಲೆಯ ಸುಳಿವಾದರೂ ಇತ್ತು, ‘ಜ್ವರ’ಕ್ಕೆ ಅದೂ ಇಲ್ಲ. ಈ ಪಟ್ಟಿಗಳನ್ನು ನೆಚ್ಚಿ, ಹಿಂದೆ ಇಂಥ ಸೋಂಕುಗಳು ಇರಲಿಲ್ಲ, ನಗರಗಳ ಜೊತೆಗೆ ಬಂದವು ಎನ್ನುವ ಲೇಖನಗಳನ್ನು ನಾವು ಕಂಡಿದ್ದೇವೆ. ಕಾಣದಿದ್ದುದನ್ನೆಲ್ಲ ಇರಲಿಲ್ಲವೆಂದು ಎಣಿಸುವುದು ಇತಿಹಾಸಕಾರರಿಗೆ ತಕ್ಕುದಲ್ಲ.

ಪ್ಲೇಗಿನೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಾಸ್ ಗುರುತಿಸಿದ ಪ್ಲೇಗು ರೈಲುದಾರಿ ಹಿಡಿದು ಹರಡಿತು. ಕಲ್ಯಾಣ ಜಂಕ್ಷನ್ನಿನಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವ ಏರ್ಪಾಡಾಯಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಅದೇ ವರ್ಷದ ಜನವರಿ 10ರಂದು ಹಾಫ್‌ಕಿನ್ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳೂ ಪ್ಲೇಗಿಗೆ ತುತ್ತಾದವು. ಪ್ಲೇಗಿನ ರೋಗಿಯೂ ಬಡಬಡಿಸುತ್ತಿದ್ದ, ಎದ್ದು ಓಡುತ್ತಿದ್ದ; ಅವನ ಸನ್ನಿಗೆ ಮಾತ್ರ ಹೆಸರು, ಕಾಯಿದೆ, ಲಸಿಕೆ, ಕಡೆಗೆ ಬೆಂಗಳೂರಿನಲ್ಲಿ ಮಾರಮ್ಮನ ಗುಡಿಯೂ ದೊರೆತವು. ಗುಂಪಾಗಿ ಬಂದ ರೋಗಕ್ಕೆ ಚರಿತ್ರೆಯುಂಟು. ಕುಹರದ ಸೋಂಕು ಯಾವಾಗಲೂ ಒಬ್ಬೊಬ್ಬರನ್ನೇ ಹಿಡಿಯಿತು, ಒಂದು ಮನೆಯಿಂದ ಇನ್ನೊಂದಕ್ಕೆ ಹಾಯಲಿಲ್ಲ. ಅದಕ್ಕೆ ಕೊಠಡಿಯೂ ಇಲ್ಲ, ಕಡತವೂ ಇಲ್ಲ.

ಬಡಬಡಿಸುವವರನ್ನು ಇರಿಸಲು ಠಾಣೆಯಲ್ಲೇ ಒಂದು ತಾಣವಿತ್ತೆಂಬುದನ್ನೂ ಸ್ಮರಿಸಬೇಕು. 1901ರಲ್ಲಿ ಆರಂಭವಾದ ನರೋತ್ತಮದಾಸ್ ಮಾಧವದಾಸ್ ಹೆಸರಿನ ಮಾನಸಿಕ ಆಸ್ಪತ್ರೆ ಇಂದಿಗೂ ಠಾಣೆಯ ಪ್ರಾದೇಶಿಕ ಮನೋರೋಗ ಚಿಕಿತ್ಸಾಲಯವಾಗಿ ನಡೆಯುತ್ತಿದೆ. ಜನರ ಮಾತಿನಲ್ಲಿ ‘ಠಾಣೆಗೆ ಕಳಿಸಬೇಕು’ ಎಂಬುದು ಹುಚ್ಚನ್ನು ಸೂಚಿಸುವ ನುಡಿಗಟ್ಟೇ ಆಗಿಹೋಯಿತು. ಜ್ವರದ ಪ್ರಲಾಪ ಬೇರೆ, ಉನ್ಮಾದ ಬೇರೆ ಎಂದು ಸಂಹಿತೆಗಳು ಎಳೆದ ಗೆರೆಯನ್ನು ನಗರದ ಆಡುಮಾತು ಹೀಗೆ ಅಳಿಸುತ್ತ ಬಂದಿದೆ.

ಮದ್ದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1930ರ ದಶಕದ ಸಲ್ಫಾ ಔಷಧಗಳೂ ನಲವತ್ತರ ದಶಕದ ಪೆನಿಸಿಲಿನ್ನೂ ಮೆನಿಂಜೈಟಿಸ್‌ನ ಮರಣವನ್ನು ತಗ್ಗಿಸಿದವು. ವೆಲ್ಲೂರಿನಲ್ಲಿ 1949ರಲ್ಲಿ ಜೇಕಬ್ ಚಾಂಡಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ತೆರೆದರು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಸಿ.ಟಿ. ಚಿತ್ರ ತೆಗೆದ ಮೇಲೆ ಕುಹರಗಳು ಬದುಕಿರುವವನಲ್ಲಿಯೇ ಕಣ್ಣಿಗೆ ಗೋಚರಿಸಿದವು, ಎಂ.ಆರ್.ಐ. ಬಂದ ಮೇಲೆ ಅವುಗಳೊಳಗಿನ ಕೀವೂ ಕಂಡಿತು. ಮಲಗಿರುವ ರೋಗಿಯಲ್ಲಿ ಕೀವು ತೂಕಕ್ಕೆ ಕೆಳಗಿಳಿದು ಕುಹರಗಳ ಹಿಂಗೊಂಬುಗಳಲ್ಲಿ, ಮಡಕೆಯ ತಳದಲ್ಲಿ ಗಸಿ ನಿಂತಂತೆ ನಿಲ್ಲುತ್ತದೆ. ಆದರೂ ಚಿಕಿತ್ಸೆ ಇಂದಿಗೂ ಕಠಿಣ. ರಕ್ತಕ್ಕೆ ಕೊಟ್ಟ ಔಷಧ ಮಿದುಳ ದ್ರವದೊಳಗೆ ಸಾಕಷ್ಟು ನುಸುಳುವುದಿಲ್ಲ. ವಾರಗಟ್ಟಲೆ ಚುಚ್ಚುಮದ್ದು ಬೇಕು, ಕೆಲವೊಮ್ಮೆ ನಳಿಕೆಯ ಮೂಲಕ ಕುಹರದೊಳಗೇ ಔಷಧ ಸುರಿಯಬೇಕಾಗುತ್ತದೆ. ಕೀವುಗಡ್ಡೆ ಕುಹರದೊಳಕ್ಕೆ ಒಡೆದರೆ ಹಿಂದೆ ಬದುಕಿದವರು ಬಹಳ ವಿರಳ, ಈಗಲೂ ಗಂಡಾಂತರವೇ. ಎಲ್ಲವೂ ಎಷ್ಟು ಬೇಗ ಗೊತ್ತಾಯಿತೆಂಬುದರ ಮೇಲೆ ನಿಂತಿದೆ. ಆ ‘ಬೇಗ’ವನ್ನು ನಿರ್ಣಯಿಸುವುದು ಮೊದಲ ದಿನ ಮನೆಯವರು ಆಡುವ ಮಾತು.

ಆದ್ದರಿಂದ ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಕರಾವಳಿಯಿಂದಲೂ ಬೆಳಗಾವಿ, ವಿಜಾಪುರ, ಧಾರವಾಡಗಳ ಕಡೆಯಿಂದಲೂ ಹೋಟೆಲು, ಗಿರಣಿ, ರೈಲ್ವೆ, ಬ್ಯಾಂಕುಗಳ ಕೆಲಸಕ್ಕಾಗಿ ಮುಂಬಯಿಗೆ ಬಂದ ಕನ್ನಡಿಗರು ಬಾಡಿಗೆ ತಾಳಲಾರದೆ ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಸರಿದರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಬಳಿಕ ನವಿ ಮುಂಬಯಿಯ ವಾಶಿ, ನೆರೂಲುಗಳಿಗೂ ಹರಡಿದರು. ಅವರ ಮಕ್ಕಳಿಗೆ ಮರಾಠಿ, ಹಿಂದಿ ಸಲೀಸು. ಮೊದಲ ತಲೆಮಾರಿನ ಹೆಂಗಸರು ಮಾತ್ರ ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ.

ಕರಾವಳಿಯ ನಂಟಿನಿಂದ ಇನ್ನೊಂದು ಸಂಗತಿಯೂ ಒದಗುತ್ತದೆ. 1911ರಲ್ಲಿ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಗುರುತಿಸಿದ ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ ಕೆಸರು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬಾಳುವಂಥದು. ಉಡುಪಿ–ಮಣಿಪಾಲ ಸೀಮೆಯಲ್ಲಿ ಅದು ಮಳೆಗಾಲದಲ್ಲಿ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಲ್ಲಿ, ಕಾಣಿಸಿಕೊಳ್ಳುವುದನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ವಿರಳವಾಗಿ ಅದು ಮಿದುಳನ್ನೂ ಹೊಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬೇರೆ ಸಾಮಾನ್ಯ ಜೀವಾಣುವೆಂದು ತಪ್ಪಾಗಿ ತಿಳಿಯುವ ಸಂಭವ ಹೆಚ್ಚು. ಊರಿನ ಗದ್ದೆ ನೋಡಿಕೊಂಡು ಬರಲೆಂದು ಆಟಿಯ ಮಳೆಯಲ್ಲಿ ಹೋಗಿ ಬಂದ ಹೋಟೆಲು ಮಾಲೀಕನೊಬ್ಬ ಡೊಂಬಿವಲಿಯಲ್ಲಿ ಜ್ವರ ಹಿಡಿದು ಮಲಗಿದರೆ, ಅವನು ಊರಿಗೆ ಹೋಗಿದ್ದನೆಂಬ ಒಂದು ವಾಕ್ಯಕ್ಕೆ ರಕ್ತಪರೀಕ್ಷೆಯಷ್ಟೇ ಬೆಲೆಯಿದೆ. ಅದನ್ನು ಕೇಳುವವರೂ ಬೇಕು, ಹೇಳುವವರೂ ಬೇಕು.

ನಾವು ಮೊದಲು ಸೂಚಿಸಿದ ಪ್ರಸಂಗ ಇಂತಿದೆ. ಕುಂದಾಪುರ ಕಡೆಯವರಾದ, ಅರುವತ್ತೈದು ದಾಟಿದ, ಹೋಟೆಲು ಕೆಲಸದಿಂದ ನಿವೃತ್ತರಾದ ನಮ್ಮ ಪರಿಚಿತರೊಬ್ಬರಿಗೆ ಒಂದು ಮಳೆಗಾಲದಲ್ಲಿ ಜ್ವರ ಬಂದಿತು. ಬಹಳ ವರ್ಷಗಳಿಂದ ಅವರ ಬಲಗಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆ ಬಿಡುವುದೇ ಅದಕ್ಕೆ ಮದ್ದಾಗಿತ್ತು. ಎರಡನೆಯ ದಿನ ಅವರು ಮಡದಿಯನ್ನು ತಾಯಿಯ ಹೆಸರು ಹಿಡಿದು ಕರೆಯತೊಡಗಿದರು. ಆಕೆ ನೆರೆಮನೆಯ ಹುಡುಗನನ್ನು ಕರೆದುಕೊಂಡು ಚಿಕಿತ್ಸಾಲಯಕ್ಕೆ ಹೋಗಿ, ‘ಇವ್ರಿಗೆ ಸನ್ನಿ ಆಯ್ತ್’ ಎಂದರು. ಅಲ್ಲಿಯೇ ಹುಟ್ಟಿ ಬೆಳೆದ ಆ ಹುಡುಗನಿಗೆ ಅದು ಹಿಂದಿಯ ‘ಸನಕ್’ ಎಂದು ಕೇಳಿಸಿತು. ತಲೆ ಕೆಟ್ಟಿದೆ ಎಂದು ಮರಾಠಿಯಲ್ಲಿ ತಿಳಿಸಿದ. ವೈದ್ಯರು ವಯಸ್ಸನ್ನು ನೋಡಿ ನಿದ್ರೆಯ ಗುಳಿಗೆ, ಜ್ವರದ ಗುಳಿಗೆ ಬರೆದುಕೊಟ್ಟರು. ಕಿವಿಯ ವಿಷಯ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮತ್ತೆರಡು ದಿನ ರೋಗಿ ನಿದ್ರಿಸುತ್ತಲೇ ಇದ್ದರು. ನಿದ್ರೆ ಗುಳಿಗೆಯದೆಂದು ಮನೆಯವರು ಸಮಾಧಾನಪಟ್ಟರು. ಕಲ್ಯಾಣದಿಂದ ನೋಡಲು ಬಂದ ಅವರ ತಂಗಿಯ ಮಗನಿಗೆ ಅನುಮಾನ ತಟ್ಟಿ ದೊಡ್ಡ ಆಸ್ಪತ್ರೆಗೆ ಸಾಗಿಸಿದ. ಚಿತ್ರದಲ್ಲಿ ಕುಹರಗಳ ಹಿಂಭಾಗದಲ್ಲಿ ಕೀವು ನಿಂತಿತ್ತು. ಕಿವಿಯ ಎಲುಬು ಸವೆದಿತ್ತು.

ಹುಡುಗನನ್ನಾಗಲಿ ವೈದ್ಯರನ್ನಾಗಲಿ ನಾವು ದೂರುವುದಿಲ್ಲ. ಮರಾಠಿಯಲ್ಲಿಯೂ ‘ಸನ್ನಿಪಾತ’ ಶಬ್ದವಿದೆ. ಆಕೆ ಪೂರ್ತಿ ಶಬ್ದವನ್ನು ಆಡಿದ್ದರೆ ಯಾರಾದರೊಬ್ಬ ಹಿರಿಯ ದಾದಿಗೆ ಅರ್ಥವಾಗುತ್ತಿತ್ತೇನೋ. ಮೊಟಕಾದ ರೂಪ ಕನ್ನಡದ್ದು, ಅದನ್ನು ಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಹೊರನಾಡಿನ ಕನ್ನಡಿಗರು ಬೇನೆಗಳಿಗೆ ಬಳಸುವ ಮಾತುಗಳನ್ನು, ಕುಂದಗನ್ನಡದ, ಬೆಳಗಾವಿ ಕನ್ನಡದ, ತುಳುವಿನ ರೂಪಗಳೊಡನೆ, ಮರಾಠಿ ಹಿಂದಿ ಸಮಾನಪದಗಳೊಡನೆ ಸಂಗ್ರಹಿಸುವ ಕೆಲಸವನ್ನು ನಮ್ಮ ವಿಭಾಗಗಳು ಕೈಗೊಳ್ಳಬಹುದು. ನಿಘಂಟಿನ ಕಾರ್ಡುಗಳಲ್ಲಿ ‘ಸನ್ನಿ’ಗೆ ಹಳೆಯ ಪ್ರಯೋಗಗಳನ್ನು ಹುಡುಕಿ ಬರೆಯುವ ನಾವು ಅದರ ಇಂದಿನ ಪ್ರಯೋಗಕ್ಕೆ ಕಿವಿಗೊಟ್ಟಿರಲಿಲ್ಲ.

ಅವರಿಗೆ ಕಿವಿಯ ಶಸ್ತ್ರಚಿಕಿತ್ಸೆಯೂ ಆರು ವಾರಗಳ ಚುಚ್ಚುಮದ್ದೂ ನಡೆದವು. ಬದುಕಿದರು. ಬಲಗಿವಿ ಕೇಳಿಸುವುದಿಲ್ಲ, ಹಣಕಾಸಿನ ಲೆಕ್ಕ ಹಿಡಿಯಲಾರರು, ಹಳೆಯ ಯಕ್ಷಗಾನದ ಪ್ರಸಂಗಗಳು ಮಾತ್ರ ನೆನಪಿನಲ್ಲಿ ಸರಿಯಾಗಿವೆ. ನಾವು ನೋಡಲು ಹೋದಾಗ ಅವರ ಮಡದಿ ಆಸ್ಪತ್ರೆಯ ಕಾಗದವನ್ನು ಕೈಗಿತ್ತು ಕನ್ನಡದಲ್ಲಿ ಹೇಳಬೇಕೆಂದು ಕೇಳಿದರು. ಮಿದುಳಿನ ಒಳಗಿನ ಟೊಳ್ಳುಗಳಲ್ಲಿ ಕೀವು ತುಂಬಿತ್ತು, ಕಿವಿಯಿಂದ ಹೋದದ್ದು, ಎಂದು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, ‘ಹಂಗಾರೆ ಅದ್ ಸನ್ನಿಯೇ ಅಲ್ದಾ? ನಾನ್ ಅದನ್ನೇ ಹೇಳದ್ದ್’ ಎಂದರು.